ಮಂಡಿಯೂರಿದ ಕ್ಯಾಮೆರಾ

ಕೊಳ್ಳೇಗಾಲದಿಂದ ಹೊರಟು ಹನೂರು, ಮಲೆ ಮಹದೇಶ್ವರ ಬೆಟ್ಟ, ಪಾಲಾರ್ ದಾಟಿ ಗೋಪಿನಾಥಂ ತಲುಪಿದ ಶಾಲಾ ಪ್ರವಾಸದ ಬಸ್ಸೊಂದನ್ನು ಕಲ್ಪಿಸಿಕೊಳ್ಳಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಅಪ್ಪನ ಮೊಬೈಲ್ ಫೋನ್ ಹಿಡಿದು ದಿನವೆಲ್ಲ ಫೋಟೊ ತೆಗೆದಿದ್ದಾನೆ. ಸಂಜೆ ಮನೆಗೆ ಬಂದು ನೋಡಿದರೆ ಮೂರು ಮುಖ್ಯ ಚಿತ್ರಗಳೂ ಕೆಟ್ಟಿವೆ. ಬೆಟ್ಟದಲ್ಲಿ ಕಂಡ ಮಹದೇಶ್ವರನ ಭಾರೀ ಪ್ರತಿಮೆಯ ತಲೆ ಚಿತ್ರದಲ್ಲಿ ನಿಂಬೆಹಣ್ಣಿನಷ್ಟಾಗಿದೆ. ಎದೆ ನಡುಗಿಸಿದ ಹೊಗೆನಕಲ್ಲು ಜಲಪಾತ ಗದ್ದೆಯ ಕಾಲುವೆಯಂತೆ ಕಾಣುತ್ತಿದೆ. ಗೋಪಿನಾಥಂ ಬೀದಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ ಅಜ್ಜಿಯ ಚಿತ್ರದಲ್ಲಂತೂ ನೆರೆತ ಕೂದಲು, ಬೈತಲೆ, ಸುತ್ತ ಮಣ್ಣುನೆಲ ಇವಷ್ಟೇ ಇವೆ. ಮುಖವೇ ಇಲ್ಲ.

"ಈ ಫೋನು ಹಳೇದಾಯ್ತಪ್ಪ, ಕ್ಯಾಮೆರಾ ಚೆನ್ನಾಗಿಲ್ಲ" ಎಂದು ಹುಡುಗ ರಾಗ ಎಳೆಯುತ್ತಾನೆ. ಹೊಸ ಫೋನಿಗೆ ಹಣ ಹೊಂದಿಸುವ ಚಿಂತೆ ಅಪ್ಪನಿಗೆ ಶುರುವಾಗುತ್ತದೆ.

ಹಣ ಹೊಂದಿಸುವ ಮೊದಲು ತಂದೆ ಮಗ ಇಬ್ಬರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮೂರು ಚಿತ್ರಗಳನ್ನು ತೆಗೆಯುವಾಗಲೂ ಮಸೂರ ನೆಲದಿಂದ ಎಷ್ಟು ಎತ್ತರದಲ್ಲಿತ್ತು? ಮೂರಕ್ಕೂ ಒಂದೇ ಉತ್ತರ: ನಿಂತ ಹುಡುಗನ ಕಣ್ಣಿನ ಎತ್ತರದಲ್ಲಿ. ನಿಂತಲ್ಲಿಂದಲೇ ಲೋಕವನ್ನೆಲ್ಲ ನೋಡುವ ಅಭ್ಯಾಸ ನಮ್ಮೆಲ್ಲರದು. ಚಿತ್ರ ಕೆಡುವುದು ಹೆಚ್ಚಿನ ಸಲ ಅಲ್ಲಿಯೇ. ಅದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ನಮ್ಮ ಮಂಡಿಯಲ್ಲಿದೆ.

ಎರಡು ಬೇರೆ ಸಂಗತಿಗಳು

ಕೆಳಗಿನಿಂದ ತೆಗೆದ ಚಿತ್ರವನ್ನು 'ಕೆಳಕೋನದ ಚಿತ್ರ' ಎನ್ನುವುದುಂಟು. ಆದರೆ ಈ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದು ಒಂದು. ಅದು ಎತ್ತ ಮುಖ ಮಾಡಿದೆ ಎಂಬುದು ಇನ್ನೊಂದು. ನೆಲದ ಹತ್ತಿರ ಇಟ್ಟ ಕ್ಯಾಮೆರಾ ನೇರವಾಗಿ ಮುಂದಕ್ಕೆ ನೋಡಬಹುದು, ಕತ್ತೆತ್ತಿ ಮೇಲಕ್ಕೂ ನೋಡಬಹುದು. ಎರಡರ ಫಲವೂ ಬೇರೆ.

ಸಿನಿಮಾದಲ್ಲಿ ಎರಡಕ್ಕೂ ಹೆಸರಾಂತ ಉದಾಹರಣೆಗಳಿವೆ. 1941ರಲ್ಲಿ ಬಂದ ಆರ್ಸನ್ ವೆಲ್ಸ್‌ರ 'ಸಿಟಿಜನ್ ಕೇನ್' ಚಿತ್ರದಲ್ಲಿ ಕ್ಯಾಮೆರಾವನ್ನು ಎಷ್ಟು ಕೆಳಗಿಳಿಸಿ ಮೇಲಕ್ಕೆ ತಿರುಗಿಸಿದರೆಂದರೆ, ಅದಕ್ಕಾಗಿ ಸೆಟ್ಟಿನ ನೆಲವನ್ನೇ ಕೊರೆಯಬೇಕಾಯಿತು. ತೆರೆಯ ಮೇಲೆ ಆ ಪಾತ್ರ ಮಾಳಿಗೆ ಮುಟ್ಟುವ ದೈತ್ಯನಂತೆ ನಿಲ್ಲುತ್ತದೆ. ನಮ್ಮ ಚಿತ್ರಗಳಲ್ಲಿ ಕಥಾನಾಯಕನ ಪ್ರವೇಶವನ್ನು ಅವನ ಕಾಲಿನ ಬಳಿಯಿಂದ ತೋರಿಸುವುದೂ ಇದೇ ಉಪಾಯ. ಜಪಾನಿನ ನಿರ್ದೇಶಕ ಯಸುಜಿರೊ ಓಜು ಕೂಡ ಕ್ಯಾಮೆರಾವನ್ನು ಕೆಳಗೇ ಇಡುತ್ತಿದ್ದರು. ಆದರೆ ಕತ್ತೆತ್ತಿಸುತ್ತಿರಲಿಲ್ಲ. ಚಾಪೆಯ ಮೇಲೆ ಕುಳಿತು ಮಾತನಾಡುವ ಮನೆಮಂದಿಯನ್ನು, ಅವರೆದುರು ತಾನೂ ಕುಳಿತವರಂತೆ ಅವರ ಕ್ಯಾಮೆರಾ ನೋಡುತ್ತಿತ್ತು. ಮೊದಲನೆಯದು ಎದುರಿನವರನ್ನು ದೊಡ್ಡವರನ್ನಾಗಿ ಮಾಡುತ್ತದೆ. ಎರಡನೆಯದು ಸಮನಾಗಿ ಕೂರಿಸುತ್ತದೆ.

ಹುಡುಗನ ಮೂರು ಚಿತ್ರಗಳನ್ನು ಈಗ ಒಂದೊಂದಾಗಿ ನೋಡಬಹುದು.

ದಿಗಂತದ ಗೆರೆ

ಮೊದಲು ಹೊಗೆನಕಲ್ಲು. ಗೋಪಿನಾಥಂಗೆ ನೆರೆಯಲ್ಲೇ, ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಾಗಿ ಹರಿಯುವ ಕಾವೇರಿ ಇಲ್ಲಿ ಹಲವು ಕವಲಾಗಿ ಬಂಡೆಗಳ ನಡುವಿನ ಕಮರಿಗೆ ಧುಮುಕುತ್ತಾಳೆ. ನೀರಿನ ತುಂತುರು ಹೊಗೆಯಂತೆ ಏಳುವುದರಿಂದಲೇ ಈ ಹೆಸರು. ಧಾರೆಗಳ ಎತ್ತರ ಸುಮಾರು 20 ಮೀಟರ್. ಮೇಲಿನ ದಡದಿಂದ ತೆಗೆದರೆ ಅದು ಕಾಲುವೆಯಾಗುತ್ತದೆ. ಕೆಳಗೆ ಹರಿಗೋಲಿನಲ್ಲಿ ಕುಳಿತು ತೆಗೆದರೆ ಆಕಾಶದಿಂದ ಇಳಿದಂತೆ ಕಾಣುತ್ತದೆ. ಕಾರಣವೇನು?

ಸಮತಟ್ಟಾದ ಬಯಲಿನಲ್ಲಿ ನಿಂತು ದಿಗಂತವನ್ನು ನೋಡಿ. ಅದು ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕೂತರೆ ಅದೂ ಇಳಿಯುತ್ತದೆ, ಮಾಳಿಗೆ ಹತ್ತಿದರೆ ಅದೂ ಏರುತ್ತದೆ. ಕಣ್ಣಿನಿಂದ ಮಟ್ಟಸವಾಗಿ ಹೊರಟ ಗೆರೆಯೇ ದಿಗಂತದ ಕಡೆಗೆ ಹೋಗುವ ಗೆರೆ. ಆ ಗೆರೆ ದಾರಿಯಲ್ಲಿ ಸಿಕ್ಕ ಪ್ರತಿಯೊಂದು ವಸ್ತುವನ್ನೂ ಕಣ್ಣಿನಷ್ಟೇ ಎತ್ತರದಲ್ಲಿ ಹಾದುಹೋಗುತ್ತದೆ. ಕ್ಯಾಮೆರಾಕ್ಕೂ ಇದೇ ನಿಯಮ: ಮಸೂರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಚಿತ್ರದಲ್ಲಿ ದಿಗಂತ ಪ್ರತಿ ವಸ್ತುವನ್ನೂ ಅಷ್ಟೇ ಎತ್ತರದಲ್ಲಿ ಕತ್ತರಿಸುತ್ತದೆ.

ಮೂರು ಅಡಿ ಎತ್ತರದ ಮಗುವನ್ನು ಐದು ಅಡಿ ಎತ್ತರದಿಂದ ತೆಗೆದರೆ ದಿಗಂತ ಮಗುವಿನ ತಲೆಗಿಂತ ಮೇಲಿರುತ್ತದೆ. ಮಗುವಿನ ಹಿನ್ನೆಲೆಯಲ್ಲಿ ಬರುವುದು ಬರೀ ನೆಲ, ನೆಲದ ಮೇಲಿನ ಕಸಕಡ್ಡಿ. ಮಸೂರವನ್ನು ಒಂದು ಅಡಿಗೆ ಇಳಿಸಿ. ದಿಗಂತ ಮಗುವಿನ ಮಂಡಿಯ ಹತ್ತಿರಕ್ಕೆ ಬರುತ್ತದೆ, ತಲೆಯ ಹಿಂದೆ ಆಕಾಶ ತೆರೆದುಕೊಳ್ಳುತ್ತದೆ. ಮಗು ಬೆಳೆದಿಲ್ಲ, ಹಿನ್ನೆಲೆ ಬದಲಾಗಿದೆ, ಅಷ್ಟೇ. ಹಿಂದೆ ಗುಡ್ಡವಿದ್ದರೆ ಆಕಾಶದ ಬದಲು ಗುಡ್ಡ ಕಾಣುತ್ತದೆ. ಆದರೂ ಕಣ್ಣಿನ ಮಟ್ಟದ ಗೆರೆ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ.

ಈಗ ಜಲಪಾತಕ್ಕೆ ಬನ್ನಿ. ಮೇಲಿನ ದಡದಲ್ಲಿ ನಿಂತವನ ಕಣ್ಣು ನೀರು ಬೀಳುವ ಅಂಚಿಗಿಂತಲೂ ಮೇಲಿದೆ. ಆದ್ದರಿಂದ ಧಾರೆಯೆಲ್ಲ ದಿಗಂತಕ್ಕಿಂತ ಕೆಳಗೆ ಬೀಳುತ್ತದೆ, ಹಳ್ಳದಲ್ಲಿರುವ ವಸ್ತುವಿನಂತೆ ಕಾಣುತ್ತದೆ. ಹರಿಗೋಲಿನಲ್ಲಿ ಕುಳಿತವನ ಕಣ್ಣು ನೀರಿನಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. 20 ಮೀಟರ್ ಧಾರೆಯಲ್ಲಿ 19 ಮೀಟರ್ ಅವನ ದಿಗಂತಕ್ಕಿಂತ ಮೇಲಿರುತ್ತದೆ. ಜಲಪಾತ ಅದೇ, ನೀರೂ ಅದೇ. ನೋಡುವವನು ಇಳಿದಿದ್ದಾನೆ.

ಒಂದು ಎಚ್ಚರಿಕೆ. ಹರಿಗೋಲು ದುಂಡಗಿನ ಬುಟ್ಟಿಯಂಥ ದೋಣಿ. ಅದರಲ್ಲಿ ಎದ್ದು ನಿಂತರೆ ತೂಕದ ಕೇಂದ್ರ ಮೇಲೇರಿ ಮಗುಚುವ ಅಪಾಯವಿದೆ. ಜೀವರಕ್ಷಕ ಅಂಗಿ ತೊಟ್ಟು, ಅಂಬಿಗ ಹೇಳಿದಲ್ಲಿ ಕುಳಿತೇ ಚಿತ್ರ ತೆಗೆಯಬೇಕು. ಅದೃಷ್ಟವಶಾತ್ ಒಳ್ಳೆಯ ಚಿತ್ರ ಸಿಗುವುದೂ ಕುಳಿತಾಗಲೇ.

ಬೆಟ್ಟದ ಮೇಲಿನ ಲೆಕ್ಕ

ಎರಡನೆಯದು ಪ್ರತಿಮೆ. ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರಲ್ಲಿ ಅನಾವರಣಗೊಂಡ, ಹುಲಿಯನ್ನೇರಿದ ಮಹದೇಶ್ವರನ ಪ್ರತಿಮೆಯ ಎತ್ತರ 108 ಅಡಿ. ಇಷ್ಟು ಎತ್ತರದ ವಸ್ತುವನ್ನು ಯಾರು ತೆಗೆದರೂ ಕೆಳಕೋನದ ಚಿತ್ರವೇ ಆಗಬೇಕು. ಹಾಗಿದ್ದರೂ ಹುಡುಗನ ಚಿತ್ರ ಏಕೆ ಕೆಟ್ಟಿತು? ಅವನು ತೀರಾ ಹತ್ತಿರ ಹೋಗಿದ್ದ.

ಪೈಥಾಗೊರಸನ ಪ್ರಮೇಯ ಕಲಿತ ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಬಹುದು. ಪ್ರತಿಮೆ ಸಮತಟ್ಟು ನೆಲದ ಮೇಲೆ ನೇರ ನಿಂತಿದೆ, ನೋಡುವವನ ಕಣ್ಣು 5 ಅಡಿ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಆಗ ನೆತ್ತಿ ಕಣ್ಣಿಗಿಂತ 103 ಅಡಿ ಮೇಲಿದೆ. ಅವನು 54 ಅಡಿ ದೂರದಲ್ಲಿ ನಿಂತರೆ ಕಣ್ಣಿನಿಂದ ಪ್ರತಿಮೆಯ ಬುಡಕ್ಕೆ ಸುಮಾರು 54 ಅಡಿ, ನೆತ್ತಿಗೆ ಸುಮಾರು 116 ಅಡಿ. ನೆತ್ತಿ ಬುಡಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರದಲ್ಲಿದೆ. ದೂರ ಹೆಚ್ಚಿದಷ್ಟೂ ವಸ್ತು ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ನೆತ್ತಿಯ ಬಳಿಯ ಒಂದು ಅಡಿ ಅಗಲ, ಬುಡದ ಒಂದು ಅಡಿಯ ಅರ್ಧಕ್ಕಿಂತಲೂ ಕಡಿಮೆಯಾಗಿ ತೋರುತ್ತದೆ. ತಲೆ ನಿಂಬೆಹಣ್ಣಾದ ಗುಟ್ಟು ಇದೇ.

ಈಗ 216 ಅಡಿ ಹಿಂದೆ ಹೋಗಿ. ಬುಡಕ್ಕೆ 216 ಅಡಿ, ನೆತ್ತಿಗೆ ಸುಮಾರು 239 ಅಡಿ. ವ್ಯತ್ಯಾಸ ಹತ್ತರಲ್ಲಿ ಒಂದು ಪಾಲು ಮಾತ್ರ. ತಲೆ ತನ್ನ ಗಾತ್ರಕ್ಕೆ ಮರಳುತ್ತದೆ.

ಕಟ್ಟಡಗಳ ಚಿತ್ರದಲ್ಲಿ ಗೋಡೆಗಳು ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗಿ ಗೋಪುರದಂತೆ ಕಾಣುವುದೂ ಇದರಿಂದಲೇ. ದೂರ ಹೋದಂತೆ ರೈಲುಹಳಿಗಳು ಕೂಡಿಕೊಳ್ಳುವಂತೆ ಕಾಣುವುದಿಲ್ಲವೇ? ಅದೇ ಹಳಿಗಳನ್ನು ಎತ್ತಿ ನಿಲ್ಲಿಸಿದಂತೆ ಇದು. ಕ್ಯಾಮೆರಾದ ಬೆನ್ನು ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ಅಂಚುಗಳೂ ಸಮಾನಾಂತರವಾಗಿಯೇ ಬೀಳುತ್ತವೆ. ಕತ್ತೆತ್ತಿದ ಕೂಡಲೇ ಓರೆಯಾಗುತ್ತವೆ. ಹಿಂದಿನ ದೊಡ್ಡ ತಿದಿ ಕ್ಯಾಮೆರಾಗಳಲ್ಲಿ ಇದಕ್ಕೆ ಉಪಾಯವಿತ್ತು. ಪೆಟ್ಟಿಗೆಯನ್ನು ನೇರವಾಗಿಯೇ ಇಟ್ಟು, ಮುಂದಿನ ಮಸೂರದ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸುತ್ತಿದ್ದರು. ಗೋಪುರದ ಕಳಸವೂ ಚಿತ್ರಕ್ಕೆ ಬರುತ್ತಿತ್ತು, ಗೋಡೆಯೂ ವಾಲುತ್ತಿರಲಿಲ್ಲ.

ಹಳೆಯ ಛಾಯಾಗ್ರಾಹಕರ ಇನ್ನೊಂದು ಜಾಣತನವನ್ನೂ ನೆನೆಯಬೇಕು. 1929ರಲ್ಲಿ ಬಂದ ರೋಲಿಫ್ಲೆಕ್ಸ್‌ನಂಥ ಕ್ಯಾಮೆರಾಗಳನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಗಾಜಿನ ತೆರೆಯೊಳಗೆ ಬಗ್ಗಿ ನೋಡುತ್ತಿದ್ದರು. ನಿಂತ ಮನುಷ್ಯನ ಸೊಂಟದ ಎತ್ತರದಿಂದ ಅವನ ತಲೆಯೂ ಪಾದವೂ ಹೆಚ್ಚು ಕಡಿಮೆ ಸಮದೂರದಲ್ಲಿರುತ್ತವೆ. ಹೀಗಾಗಿ ಆಳಿನ ಅಳತೆ ಕೆಡುವುದಿಲ್ಲ. ಇಂದು ಫೋನನ್ನು ಮುಖದ ಮುಂದೆ ಹಿಡಿದು ಪೂರ್ತಿ ಆಳನ್ನು ತೆಗೆಯುವಾಗ ಕಾಲು ಗಿಡ್ಡವಾಗುವುದನ್ನು ಯಾರಾದರೂ ಗಮನಿಸಬಹುದು.

ಮಂಡಿ ಎತ್ತರದ ಕಾವಲುಗಾರ

ಗೋಪಿನಾಥಂ ಸುತ್ತಲಿನ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಕೆಳಗಿಟ್ಟ ಕ್ಯಾಮೆರಾ ವಿಜ್ಞಾನಕ್ಕೆ ಎಷ್ಟು ಉಪಯೋಗವೆಂಬುದಕ್ಕೆ ಸಾಕ್ಷಿ ಈ ವನ್ಯಜೀವಿಧಾಮದಲ್ಲೇ ಇದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಇಲ್ಲಿ ಚಿರತೆಗಳ ಅಧ್ಯಯನಕ್ಕೆಂದು ಕ್ಯಾಮೆರಾ ಟ್ರ್ಯಾಪ್‌ಗಳನ್ನು ಇಟ್ಟಿದ್ದರು. ಚಿರತೆಯಂಥ ಪ್ರಾಣಿಗೆ ಇವನ್ನು ಸಾಮಾನ್ಯವಾಗಿ ನೆಲದಿಂದ 40–45 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮಂಡಿಯ ಮಟ್ಟದಲ್ಲಿ, ಮರಕ್ಕೆ ಕಟ್ಟುತ್ತಾರೆ. ಬಿಸಿ ಮೈಯ ಪ್ರಾಣಿ ಎದುರು ಹಾದಾಗ ಅದರ ಅವಕೆಂಪು ಕಿರಣಗಳಿಂದ ಆಗುವ ಬದಲಾವಣೆಯನ್ನು ಯಂತ್ರ ಗುರುತಿಸಿ, ತಾನೇ ಚಿತ್ರ ತೆಗೆಯುತ್ತದೆ.

ಇಷ್ಟು ಕೆಳಗೆ ಕಟ್ಟುವುದು ಚಿರತೆಯನ್ನು ದೈತ್ಯನಾಗಿ ತೋರಿಸಲಿಕ್ಕಲ್ಲ. ಮಸೂರ ಚಿರತೆಯ ಪಕ್ಕೆಯ ಮಟ್ಟದಲ್ಲಿದ್ದು ನೇರವಾಗಿ ನೋಡಿದರೆ ಮೈಮೇಲಿನ ಚುಕ್ಕೆಗಳು ಆಕಾರ ಕೆಡದೆ ಬೀಳುತ್ತವೆ. ಮನುಷ್ಯರ ಬೆರಳಚ್ಚಿನಂತೆ ಒಂದೊಂದು ಚಿರತೆಯ ಚುಕ್ಕೆಗಳ ವಿನ್ಯಾಸವೂ ಬೇರೆ. ಎಡ ಪಕ್ಕೆ ಬಲ ಪಕ್ಕೆಗಳ ವಿನ್ಯಾಸವೂ ಒಂದೇ ಅಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಮರದ ಮೇಲಿನಿಂದ ತೆಗೆದರೆ ಬೆನ್ನು ಮಾತ್ರ ಸಿಕ್ಕಿ, ಯಾವುದು ಯಾವ ಚಿರತೆಯೆಂದು ಎಣಿಸುವುದೇ ಕಷ್ಟವಾಗುತ್ತಿತ್ತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳ ಪಟ್ಟೆಗಳನ್ನು ಇದೇ ಬಗೆಯಲ್ಲಿ ಗುರುತಿಸಿ, ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಬಳಕೆಗೆ ತಂದರು.

ಚಿರತೆಗೆಂದು ಕಾದ ಈ ಕ್ಯಾಮೆರಾಗಳಿಗೆ ಕಾವೇರಿ ವನ್ಯಜೀವಿಧಾಮದಲ್ಲಿ ತರಕರಡಿಯೂ ಸಿಕ್ಕಿತು. ನಿಶಾಚರಿಯಾದ, ಗಿಡ್ಡ ಕಾಲಿನ ಈ ಪ್ರಾಣಿಯ ಚಿತ್ರಗಳ ವರದಿ 2014ರಲ್ಲಿ ಪ್ರಕಟವಾಯಿತು. ನೆಲಕ್ಕೆ ಹತ್ತಿಕೊಂಡು ಓಡಾಡುವ ಜೀವಿ ನೆಲಕ್ಕೆ ಹತ್ತಿರವಿದ್ದ ಕಣ್ಣಿಗೇ ಬಿತ್ತು. ಅದೇ ಯಂತ್ರದ ಮುಂದೆ ಆನೆ ಹಾದರೆ ಚಿತ್ರದಲ್ಲಿ ಕಂಬದಂಥ ಕಾಲುಗಳಷ್ಟೇ ಬರಬಹುದು! ಯಾವ ಎತ್ತರವೂ ಎಲ್ಲಕ್ಕೂ ಸರಿಯಲ್ಲ. ನೋಡಬೇಕಾದ ಜೀವಿಯ ಎತ್ತರವೇ ಸರಿಯಾದ ಎತ್ತರ.

ಇದನ್ನು ಓದಿ ಯಾರೂ ಕಾಡಿನಲ್ಲಿ ನೆಲಕ್ಕೆ ಮಲಗಲು ಹೊರಡಬಾರದು. ಕಾಡಿನ ದಾರಿಯಲ್ಲಿ ವಾಹನದಿಂದ ಇಳಿಯುವುದೇ ಅಪಾಯ. ಆನೆಯ ಎದುರು ಫೋನ್ ಹಿಡಿದು ನಿಂತು ಪ್ರಾಣ ಕಳೆದುಕೊಂಡವರಿದ್ದಾರೆ. ಅಲ್ಲಿ ದೂರವೇ ನಿಮಗಾಗಿ ಮಂಡಿಯೂರುತ್ತದೆ. ಜೀಪಿನಲ್ಲಿ ಕುಳಿತವನ ಮಸೂರ 6 ಅಡಿ ಎತ್ತರದಲ್ಲಿದೆ, ಪ್ರಾಣಿಯ ಕಣ್ಣು ಒಂದೂವರೆ ಅಡಿ ಎತ್ತರದಲ್ಲಿದೆ ಎನ್ನಿ. ಪ್ರಾಣಿ 15 ಅಡಿ ದೂರದಲ್ಲಿದ್ದರೆ ಮಸೂರ ಸುಮಾರು 17 ಡಿಗ್ರಿ ಕೆಳಕ್ಕೆ ಬಾಗಬೇಕು. 60 ಅಡಿ ದೂರದಲ್ಲಿದ್ದರೆ ಸುಮಾರು 4 ಡಿಗ್ರಿ ಸಾಕು. ದೂರ ನಿಂತು, ಜೂಮ್ ಮಸೂರದಿಂದ ಹತ್ತಿರ ತಂದುಕೊಂಡರೆ ನೋಟ ತಾನಾಗಿಯೇ ಮಟ್ಟಸವಾಗುತ್ತದೆ. ಪ್ರಾಣಿಗೂ ನೆಮ್ಮದಿ, ತೆಗೆಯುವವನಿಗೂ ಕ್ಷೇಮ.

ಮನೆಯಲ್ಲೇ ಮಾಡಿ ನೋಡಿ

ಟೂತ್‌ಪೇಸ್ಟಿನ ಉದ್ದನೆಯ ಖಾಲಿ ಪೆಟ್ಟಿಗೆಯನ್ನು ಮೇಜಿನ ಮೇಲೆ ನೇರ ನಿಲ್ಲಿಸಿ. ಮೂರು ಚಿತ್ರ ತೆಗೆಯಿರಿ. ಮೊದಲನೆಯದು, ಪೆಟ್ಟಿಗೆಯ ಅರ್ಧ ಎತ್ತರದಲ್ಲಿ ಮಸೂರವಿಟ್ಟು, ಫೋನನ್ನು ನೆಟ್ಟಗೆ ಹಿಡಿದು. ಎರಡನೆಯದು, ಗೇಣು ದೂರದಲ್ಲಿ ಮಸೂರವನ್ನು ಮೇಜಿಗೆ ತಾಗಿಸಿ, ಫೋನನ್ನು ಮೇಲಕ್ಕೆ ಓರೆ ಮಾಡಿ. ಮೂರನೆಯದು, ಮೇಜಿನ ಮಟ್ಟದಲ್ಲೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಿ.

ಹೆಚ್ಚಿನ ಫೋನುಗಳಲ್ಲಿ ಮಸೂರ ಮೇಲ್ತುದಿಯಲ್ಲಿರುತ್ತದೆ. ಫೋನನ್ನು ತಲೆಕೆಳಗು ಹಿಡಿದರೆ ಮಸೂರ ಮೇಜನ್ನು ಮುಟ್ಟುತ್ತದೆ. ಚಿತ್ರವನ್ನು ಫೋನೇ ನೇರ ಮಾಡಿಕೊಳ್ಳುತ್ತದೆ.

ಪ್ರತಿ ಚಿತ್ರದಲ್ಲೂ ಪೆಟ್ಟಿಗೆಯ ಮೇಲಂಚು ಮತ್ತು ಕೆಳಂಚಿನ ಅಗಲವನ್ನು ಸ್ಕೇಲಿನಿಂದ ಅಳೆದು ಮೇಲಿನದನ್ನು ಕೆಳಗಿನದರಿಂದ ಭಾಗಿಸಿ. ಮೊದಲ ಮತ್ತು ಮೂರನೆಯ ಚಿತ್ರದಲ್ಲಿ ಉತ್ತರ ಒಂದರ ಹತ್ತಿರ ಬರುತ್ತದೆ. ಎರಡನೆಯದರಲ್ಲಿ ಒಂದಕ್ಕಿಂತ ಸಾಕಷ್ಟು ಕಡಿಮೆ. ಮಹದೇಶ್ವರ ಬೆಟ್ಟದ ಲೆಕ್ಕವನ್ನು ಮೇಜಿನ ಮೇಲೇ ನೋಡಿದಂತಾಯಿತು.

ಕೆಳಗಿನಿಂದ ತೆಗೆಯುವಾಗ ಇನ್ನೊಂದು ತೊಡಕು ಬೆಳಕಿನದು. ಹಿನ್ನೆಲೆಯಲ್ಲಿ ಹೊಳೆಯುವ ಆಕಾಶವಿದ್ದರೆ ಕ್ಯಾಮೆರಾ ಅದರ ಪ್ರಖರತೆಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ತೆರೆಯ ಮೇಲೆ ಮುಖ ಇರುವಲ್ಲಿ ಬೆರಳು ಮುಟ್ಟಿಸಿದರೆ ಅದು ಮುಖಕ್ಕೆ ತಕ್ಕಷ್ಟು ಬೆಳಕು ತೆಗೆದುಕೊಳ್ಳುತ್ತದೆ. ಸೂರ್ಯ ತೆಗೆಯುವವರ ಬೆನ್ನ ಹಿಂದೆ ಇದ್ದರೆ ಇನ್ನೂ ಒಳ್ಳೆಯದು.

ಮತ್ತೆ ಅಜ್ಜಿಯ ಬಳಿಗೆ

ಉಳಿದದ್ದು ಮೂರನೆಯ ಚಿತ್ರ. ನೆಲದ ಮೇಲೆ ಕುಳಿತ ಅಜ್ಜಿಯ ಕಣ್ಣು ನೆಲದಿಂದ ಎರಡು ಅಡಿ ಚಿಲ್ಲರೆ ಎತ್ತರದಲ್ಲಿರುತ್ತದೆ. ನಿಂತ ಹುಡುಗನ ಕಣ್ಣು ನಾಲ್ಕೂವರೆ ಅಡಿಯಲ್ಲಿ. ನಾಲ್ಕು ಅಡಿ ದೂರದಿಂದ ತೆಗೆದರೆ ಕ್ಯಾಮೆರಾ ಸುಮಾರು 30 ಡಿಗ್ರಿ ಕೆಳಕ್ಕೆ ಬಾಗಿರುತ್ತದೆ. ದಿಗಂತ ಅಜ್ಜಿಯ ತಲೆಗಿಂತ ಎಷ್ಟೋ ಮೇಲೆ. ಅವಳ ಹಿನ್ನೆಲೆ ಬರೀ ನೆಲ. ಜ್ಯಾಮಿತಿ ಇಷ್ಟೇ ಹೇಳುತ್ತದೆ. ಆದರೆ ನೋಡಿದವರ ಮನಸ್ಸು ಇನ್ನೊಂದನ್ನು ಸೇರಿಸಿಕೊಳ್ಳುತ್ತದೆ: ಪಾಪ, ಬಡಮುದುಕಿ.

ಗೋಪಿನಾಥಂಗೆ ಈ ಬಗೆಯ ನೋಟ ಹೊಸದಲ್ಲ. ವೀರಪ್ಪನ್ ಹುಟ್ಟಿದ ಊರು ಎಂಬ ಒಂದೇ ಗುರುತಿನಿಂದ ಹೊರಗಿನವರು ಈ ಹಳ್ಳಿಯನ್ನು ವರ್ಷಗಟ್ಟಲೆ ನೋಡಿದರು. 2004ರಲ್ಲಿ ಅವನು ಸತ್ತ ಮೇಲೂ ಆ ಗುರುತು ಅಳಿಯಲಿಲ್ಲ. ತಮಿಳು, ಕನ್ನಡ ಎರಡೂ ಕೇಳಿಬರುವ ಈ ಗಡಿ ಊರಿನಲ್ಲಿ ಹುಣಸೆ ಬಿಡಿಸುವವರು, ಆಡು ಮೇಯಿಸುವವರು, ಮಕ್ಕಳನ್ನು ಶಾಲೆಗೆ ಕಳಿಸುವವರು ಇದ್ದಾರೆಂಬುದು ಚಿತ್ರದಲ್ಲಿ ಬರುತ್ತಲೇ ಇರಲಿಲ್ಲ.

ಬೇರೆ ರೀತಿಯಲ್ಲಿ ನೋಡಿದವರೂ ಇದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಈ ಊರಿನ ಜನರ ನಡುವೆ ಇದ್ದು ಅವರ ವಿಶ್ವಾಸ ಗಳಿಸಿದರು, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟರು. ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡ ವೀರಪ್ಪನ್ 1991ರ ನವೆಂಬರ್ 10ರಂದು ಅವರನ್ನು ಕೊಂದ. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. ಅವರು ಈ ಊರಿಗೆ ಬಂದದ್ದು ಚಿತ್ರ ತೆಗೆಯಲಿಕ್ಕಲ್ಲ, ನಿಜ. ಆದರೂ ಜನರನ್ನು ಅವರ ಮಟ್ಟದಲ್ಲಿ ಕುಳಿತು ನೋಡುವುದೆಂದರೆ ಏನೆಂಬುದಕ್ಕೆ ಗೋಪಿನಾಥಂನಲ್ಲಿ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಹುಡುಗ ಇನ್ನೊಮ್ಮೆ ಆ ಬೀದಿಗೆ ಹೋದರೆ ಹೊಸ ಫೋನು ಬೇಕಿಲ್ಲ. "ಅಜ್ಜೀ, ಒಂದ್ ಫೋಟೊ ತಗೊಳ್ಲಾ?" ಎಂದು ಮೊದಲು ಕೇಳಬೇಕು. "ತಗೊ ಮಗಾ" ಎಂದರೆ ಮಂಡಿಯೂರಿ ಕುಳಿತು, ಫೋನನ್ನು ಅವಳ ಕಣ್ಣಿನ ಮಟ್ಟಕ್ಕೆ ಇಳಿಸಬೇಕು. ಮೇಲಕ್ಕೆ ಓರೆ ಮಾಡಿ ಅವಳನ್ನು ದೇವತೆಯಾಗಿಸುವುದೂ ಬೇಡ, ಮೇಲಿನಿಂದ ಬಗ್ಗಿಸಿ ಪಾಪ ಎನಿಸುವುದೂ ಬೇಡ. ಆಗ ಚಿತ್ರದಲ್ಲಿ ಅವಳ ಮುಖ ಬರುತ್ತದೆ, ಬೀಜ ಬಿಡಿಸುವ ಕೈ ಬರುತ್ತದೆ, ಬೆನ್ನ ಹಿಂದೆ ಅವಳ ಮನೆಬಾಗಿಲು ಬರುತ್ತದೆ, ಅದರಾಚೆ ಊರಿನ ಗುಡ್ಡವೂ ಬಂದೀತು.

ತೆಗೆದ ಮೇಲೆ ಚಿತ್ರವನ್ನು ಅವಳಿಗೆ ತೋರಿಸುವುದನ್ನು ಮರೆಯಬಾರದು. ಹೇಗೂ ಪಕ್ಕದಲ್ಲೇ ಕುಳಿತಿರುತ್ತಾನಲ್ಲ.